ಎಂಟನೇ ಫಾರಂ

ಮಾರ್ಚ್ 4

ಮಾಲೀಕ ಕೊಡುತ್ತೇನೆ ಎಂದದ್ದು: ಕಟಿಂಗ್ ಮೆಷೀನಿಗೆ ಗಾರ್ಡು, ಮೂಗಿಗೆ ಮಾಸ್ಕು, ಹೆಂಗಸರಿಗೆ ಬೇರೆ ಕಕ್ಕಸು, ಟೆಂಪರರಿಗಳಿಗೆ ಕಾಯಂ ಕೆಲಸ. ಕೊಟ್ಟದ್ದು: ಬಾಯಿಮಾತು. ಪುಸ್ತಕದ ಬೈಂಡಿಂಗ್ ನಿಲ್ಲಿಸಿ ಪ್ರೆಸ್ಸಿನ ಗೇಟಿನೆದುರು ಧರಣಿ ಕೂತಿದ್ದೇವೆ.

ಹೊಲಿಗೆಯಲ್ಲಿ ಕೆಟ್ಟ ಹಾಳೆಗಳನ್ನು ಮನೆಗೆ ತರುವುದು ರೂಢಿ. ಒಂದು ಕಾದಂಬರಿ ಸಿಕ್ಕಿದೆ — ಹದಿನಾರು ಪುಟದ ಮಡಿಕೆಗಳು, ಏಳು ಫಾರಂ. ಮಿಕ್ಕದ್ದು ಒಳಗೆ.

ಮಾರ್ಚ್ 6

ಈ ಕಾದಂಬರಿಯದು ಎಂಥ ಆಮೆ ನಡಿಗೆ! ನೀರಿನ ತೊಟ್ಟಿ ಮುಚ್ಚದೆ ಹೋದವನು ಅಣ್ಣ. ತಮ್ಮನ ಮಗು ಬಿದ್ದು ಸತ್ತಿತು. ಮನೆಯವರೆಲ್ಲ ಮಗುವಿನ ತಾಯಿಗೇ ಶಾಪ ಹಾಕುತ್ತಾರೆ. ಅಣ್ಣ ದಿನಾ ಉಂಡು, ಕೈ ತೊಳೆದು, ಮಲಗುತ್ತಾನೆ. ನೂರು ಪುಟ ಇದೇ. ನಮ್ಮ ಸಂಘದ ಮೀಟಿಂಗಿನಲ್ಲಿ ನಿಲ್ಲಿಸಿದ್ದರೆ ಐದು ನಿಮಿಷಕ್ಕೆ ನಿಜ ಕಕ್ಕುತ್ತಿದ್ದ.

ಮಾತುಕತೆ ಆಯಿತು. ಟೆಂಪರರಿಗಳ ಬೇಡಿಕೆ ಬಿಟ್ಟರೆ ಉಳಿದದ್ದು ನೋಡೋಣ ಎಂದ ಮಾಲೀಕ. ಬಿಡಲು ಕಮಿಟಿ ಕೈ ಎತ್ತಿತು. ಕಾರ್ಯದರ್ಶಿ ನಾನು, ನಾನೂ ಎತ್ತಿದೆ. ಸದ್ಯಕ್ಕೆ ಬಿಟ್ಟದ್ದು ಅಷ್ಟೇ, ಟೆಂಪರರಿಗಳಿಗೆ ಇನ್ನೂ ಹೇಳಿಲ್ಲ...

ಮಾರ್ಚ್ 11

ಉಳಿದದ್ದನ್ನೂ ಕೊಡಲಿಲ್ಲ.

ದಿಂಬಿನ ಮೇಲೆ ಎಂಟನೇ ಫಾರಂ. ಇಟ್ಟವಳು ನಾದಿನಿ. ನಮ್ಮ ಪ್ರೆಸ್ಸಿನಲ್ಲೇ ಹಾಳೆ ಮಡಿಸುವ ಟೇಬಲ್ಲಿನವಳು, ಟೆಂಪರರಿ.

“ಇದೆಲ್ಲಿತ್ತೇ?”

“ಆಕಾಶದಿಂದ ಉದುರ್ತು. ಓದಿ ಅತ್ತಿಗೆ, ಆಸೆಪಡ್ತಿದ್ರಲ್ಲ.”

“ಒಳಗೆ ಹೋಗ್ತಿದ್ದೀಯಾ?”

“ಹಿಂಬಾಗಿಲಿಂದ. ಕಾಯಂ ಮಾಡ್ತೀನಿ ಅಂದಿದ್ದಾನೆ ಮಾಲೀಕ.”

“ನಂಬಿದ್ಯಾ ಅವನನ್ನ?”

“ನಿಮ್ಮನ್ನೂ ನಂಬಿದ್ದೆ. ಕೈ ಎತ್ತಿದ್ರಂತೆ.”

ಬೈದೆ. ಅವಳು ತಟ್ಟೆ ತೊಳೆಯುತ್ತಿದ್ದಳು. ಫಾರಂ ಹರಿಯಬೇಕಿತ್ತು. ಓದಿದೆ. ಅಣ್ಣ ಇನ್ನೂ ಬಾಯಿ ಬಿಟ್ಟಿಲ್ಲ.

ಮಾರ್ಚ್ 13

ಮೆಷೀನು ಓಡುವ ಸದ್ದು ಗೇಟಿಗೆ ಕೇಳಿಸಿದೆ. ಅಂಟು ಹಚ್ಚುವ ಹೆಂಗಸೇ ಕದ್ದು ಒಳಗೆ ಹೋಗುವುದು ಎಂದು ಗುಸುಗುಸು. ಮಗಳಿಗೆ ಜ್ವರ ಎಂದು ಮೂರು ದಿನ ಧರಣಿಗೆ ಬಂದಿರಲಿಲ್ಲ, ಪಾಪ.

“ಅಕ್ಕ, ನಿಮ್ಮ ಕಿವಿಗೇನಾದ್ರೂ ಬಿತ್ತಾ?” ಸಂಘದ ಅಧ್ಯಕ್ಷ ಕೇಳಿದ.

“ವಿಚಾರಿಸ್ತೀನಿ” ಎಂದೆ.

ಮನೆಗೆ ಬಂದೆ. ಉಂಡೆ.

ಮಾರ್ಚ್ 17

ಅಂಟಿನವಳಿಗೆ ಯಾರೂ ಚಾಪೆಯಲ್ಲಿ ಜಾಗ ಬಿಡಲಿಲ್ಲ. ಬಿಸಿಲಲ್ಲಿ ನಿಂತೇ ಇದ್ದಳು. ಸಂಘ ಕಟ್ಟಿದ್ದು ಇದಕ್ಕಾ? ಥೂ.

ಸಭೆ ಕರೆಯಲು ಅಧ್ಯಕ್ಷನಿಗೆ ಹೇಳಿ ಬಂದೆ. ನಾದಿನಿಗೂ ಹೇಳಿದೆ.

“ನನ್ನ ಹೆಸರು ಹೇಳ್ತೀರಾ?”

“ಹೇಳ್ತೀನಿ.”

“ನೀವು ಕೈ ಎತ್ತಿದ್ದು?”

“ಅದನ್ನೂ.”

“ಹಾಗಾದ್ರೆ ನಾನೂ ಬರ್ತೀನಿ. ಯಾವುದು ಮೊದಲು ಹೇಳ್ತೀರಿ, ನೋಡ್ಬೇಕು.”

ಭಾನುವಾರ, ಬೆಳಿಗ್ಗೆ ಹತ್ತೂವರೆ, ಗೇಟಿನೆದುರು. ಮೊದಲು —