ಹನ್ನೊಂದನೇ ಅಡಿಯ ಬೊಟ್ಟು

ಚೆನ್ನಾಜಿ,

ನೀನು ಒಳ್ಳೇ ನಿದ್ದೇಲಿದ್ದೆ, ಎಬ್ಬಿಸಲಿಲ್ಲ. ಹೊಳೆ ಏರ್ತಾ ಇದೆ, ಫೋನು ಕೆಟ್ಟಿದೆ. ನೀರಿನ ಮಟ್ಟ ತಿಳಿಸೋಕೆ ನಾನೇ ಸೈಕಲ್ಲಿನಲ್ಲಿ ಕೊಳ್ಳೇಗಾಲದ ಆಫೀಸಿಗೆ ಹೋಗ್ತಿದ್ದೀನಿ. ಕೊಡೆ ನಿನಗೆ ಬಿಟ್ಟಿದ್ದೀನಿ, ನನಗೆ ಕಂಬಳಿ ಗೊಪ್ಪೆ ಸಾಕು.

ನೀನು ಹೊಳೆಯ ನೀರಿನ ಅಳತೆ ಕಲ್ಲಿಗೆ ಎಣ್ಣೆ ಕುಂಕುಮ ಬಳಿದು ಅಡಿಯ ಅಂಕಿಗಳನ್ನೆಲ್ಲ ಮುಚ್ಚಿಬಿಟ್ಟೆ ಅಂತ ನಿನ್ನೆ ನಾನು ಕೂಗಾಡಿದೆ. "ಊರ್ ಕಾಯೋ ಕಲ್ಗೆ ಒಂದ್ ಬೊಟ್ಟೂ ಬ್ಯಾಡ್ವಾ?" ಅಂದು ನೀನು ಉಣ್ಣದೆ ಮಲಗಿದೆ. ಬೆಳಿಗ್ಗೆ ನಾನು ಸೀಗೇಪುಡಿ ಹಾಕಿ ಉಜ್ಜಿ ಬಂದೆ. ಹನ್ನೊಂದನೇ ಅಡಿಯ ಬೊಟ್ಟನ್ನು ಮಾತ್ರ ಬಿಟ್ಟಿದ್ದೀನಿ. ಅಂಕಿ ಓದೋಕೆ ನೀರಿನ ಹತ್ತಿರ ಇಳಿಯಬೇಕು. ನಿನ್ನ ಬೊಟ್ಟು ನಮ್ಮ ಜಗಲಿಗೇ ಕಾಣುತ್ತೆ.

ಗಂಟೆಗೊಂದು ಸಲ ನೋಡು. ಬಸುರಿ ಹೆಂಗಸು, ಮೆಟ್ಟಿಲು ಇಳಿಯಬೇಡ.

ಮುದ್ದೆ ನಾನೇ ಕಟ್ಟಿಟ್ಟಿದ್ದೀನಿ. ಗಂಟಾಗಿದೆ, ಆದರೂ ತಿನ್ನು.

ಬೊಟ್ಟು ಮುಳುಗಿದರೆ ನನಗಾಗಿ ಕಾಯಬೇಡ. ಅವ್ವನ ಕೈ ಹಿಡಿದು ಮಾದಪ್ಪನ ಗುಡಿ ದಿಬ್ಬ ಹತ್ತು. ವಾಪಸ್ಸು ಬರುವಾಗ ನಾನು ಮೊದಲು ಬೊಟ್ಟು ನೋಡ್ತೀನಿ. ಅದು ಕಾಣದಿದ್ದರೆ ಮನೆ ಕಡೆ ತಿರುಗದೆ ನೇರ ದಿಬ್ಬಕ್ಕೇ ಬರ್ತೀನಿ.

ನೀನು ಅಲ್ಲಿರಬೇಕು.