ಅಜ್ಜಿ ಹೋಗಿಬಿಟ್ರು

ಚಿರಂಜೀವಿ ಮೊಮ್ಮಗನಿಗೆ,

ಕೆಮ್ಮುತ್ತಲೇ ಎರಡು ದಿನ ನಿನ್ನ ಕೋಣೆಯಲ್ಲಿದ್ದು ನಾನು ಬಸ್ಸು ಹತ್ತಿದೆ. ಆಮೇಲೆ ‘ಅಜ್ಜಿ ಹೇಗಿದಾರೆ?’ ಎಂದು ಕೇಳಿದ ಗೆಳೆಯನಿಗೆ ನೀನು ಫೋನಿನಲ್ಲಿ ಬರೆದದ್ದು ‘ಅಜ್ಜಿ ಹೋಗಿಬಿಟ್ರು’ ಎಂದು. ‘ಊರಿಗೆ’ ಎಂಬ ಒಂದು ಪದ ಸೇರಿಸಿದ್ದರೆ ನಿನ್ನ ಬೆರಳು ಸವೆಯುತ್ತಿತ್ತೇ? ಬರೆದು, ಫೋನು ಆಫ್ ಮಾಡಿ, ಪರೀಕ್ಷೆಗೆ ಓದಲು ಕುಳಿತೆಯಂತೆ.

ಮರುದಿನ ಬೆಳಿಗ್ಗೆ ನಿನ್ನ ನಾಲ್ವರು ಗೆಳೆಯರು ಹಾರ ಹಿಡಿದು ಊರಿನ ಈ ಮನೆಗೆ ಬಂದರು. ಬಾಗಿಲು ತೆರೆದವಳು ನಾನೇ. ಉದ್ದನೆಯವನು ಮೆಟ್ಟಿಲ ಮೇಲೆಯೇ ಕುಸಿದು ಕುಳಿತ.

‘ಅಜ್ಜೀ, ನೀವಾ?’ ಎಂದ ದಪ್ಪನೆಯವನು.

‘ನಾನಲ್ದೆ ಇನ್ಯಾರೋ? ಆ ಹಾರ ಯಾರಿಗೆ?’

‘ನಿಮಗೇ ಅಜ್ಜೀ’ ಎಂದು ಪಾಪ, ನಿಜವನ್ನೇ ಹೇಳಿಬಿಟ್ಟ.

ನಗಬೇಡ. ನನ್ನನ್ನು ಹೊರಲು ಹೆಗಲು ಬೇಕೆಂದು ಅವರು ಅಂದಿನ ಪರೀಕ್ಷೆಯನ್ನೇ ಬಿಟ್ಟು ಬಂದಿದ್ದರು. ಅದೇ ಪರೀಕ್ಷೆಯನ್ನು ನೀನು ಆರಾಮಾಗಿ ಬರೆದು ಬಂದೆ.

ಈ ಪತ್ರ ತಲುಪಿದ ದಿನವೇ ಪ್ರಾಂಶುಪಾಲರ ಮುಂದೆ ನಿಂತು, ತಪ್ಪು ನಿನ್ನದೆಂದು ಒಪ್ಪಿಕೊಂಡು, ಆ ನಾಲ್ವರಿಗೂ ಮರುಪರೀಕ್ಷೆ ಕೊಡುವಂತೆ ಕೇಳು. ಅದು ಸಿಗುವವರೆಗೆ ಈ ಮನೆಗೆ ಕಾಲಿಡಬೇಡ. ಅವರು ನಾಲ್ವರು ಯಾವಾಗ ಬೇಕಾದರೂ ಬರಲಿ.

ಆಶೀರ್ವಾದದ ಮಾತು ಆಮೇಲೆ.

ನಿನ್ನ ಅಜ್ಜಿ