ಹಸಿರೆಲೆಯ ಒಳಮೈ

ಮನೆಯಿಂದ, ಹೊಲಿಗೆ ಮಷಿನ್ನಿನ ಪಕ್ಕದ ಕಿಟಕಿಯಲ್ಲಿ ಕೂತು
ನವೆಂಬರ್ ೧೨, ಸೋಮವಾರ ಮಧ್ಯಾಹ್ನ

ಪ್ರೀತಿಯ ಕುಳ್ಳಾ,

ಹೇಗಿದ್ದೀಯೋ? ಹಡಗಿನ ಅಡುಗೆಮನೆಯ ಕಾವಿಗೆ ಕೈಮೇಲೆ ಬೊಬ್ಬೆ ಎದ್ದಿದೆ ಅಂತ ಬರೆದಿದ್ದೆಯಲ್ಲ, ಮಾಗಿತಾ? ಬೆನ್ನುನೋವಿಗೆ ದೊಡ್ಡಕ್ಕ ಕಟ್ಟಿಕೊಟ್ಟ ಪುಡಿ ಇನ್ನೂ ಉಳಿದಿದೆಯಾ, ಇಲ್ಲಾ ಅದನ್ನೂ ಸೂಪಿಗೆ ಉದುರಿಸಿ ನಾವಿಕರಿಗೆಲ್ಲ ಬಡಿಸಿಬಿಟ್ಟೆಯಾ? ಬಾಗಿಲಿಗೆ ತಲೆ ತಾಗುವಷ್ಟು ಬೆಳೆದವನನ್ನು ಇನ್ನೂ ಕುಳ್ಳ ಅಂತಾಳಲ್ಲ ಎಂದು ಮುಖ ಗಂಟಿಕ್ಕಬೇಡ. ಈ ಮನೆಯಲ್ಲಿ ಒಮ್ಮೆ ಅಂಟಿದ ಹೆಸರು ಬಿಡುವುದಿಲ್ಲ. ನಾನು ಚೆನ್ನಾಗಿದ್ದೇನೆ. ಮಷಿನ್ ತುಳಿಯುವಾಗ ಮಂಡಿ ಮಾತ್ರ ನನಗಿಂತ ಜೋರಾಗಿ ಮಾತಾಡುತ್ತದೆ.

ದೊಡ್ಡಕ್ಕನ ಕಣ್ಣು ಮಂಜಾಗಿದೆ ಅಂತ ಹಿಂದೆ ಬರೆದಿದ್ದೆ. ಈಗ ಮಂಜೂ ಇಲ್ಲ. ಕಿಟಕಿ ಯಾವ ಕಡೆ ಇದೆ ಎನ್ನುವುದಷ್ಟೇ ಅವಳಿಗೆ ಗೊತ್ತಾಗುತ್ತದೆ, ಉಳಿದದ್ದೆಲ್ಲ ನೆರಳು. ಕಣ್ಣಿನ ಹಿಂದೆ ಒಂದು ಗಂಟಿದೆ, ಅಲ್ಲಿಗೆ ಕತ್ತರಿ ಹೋಗುವುದಿಲ್ಲ ಅಂದರು ಡಾಕ್ಟರು. ಅವಳು ಅಳಲಿಲ್ಲ. ಆಸ್ಪತ್ರೆಯ ಮೆಟ್ಟಿಲಿಳಿಯುತ್ತಾ, "ಹಾಗಾದ್ರೆ ನನ್ನನ್ನ ಆ ಕಾಡಿಗೆ ಕರ್ಕೊಂಡು ಹೋಗೇ" ಅಂದಳು, ಮೂಲೆ ಅಂಗಡಿಗೆ ಹೋಗಿ ಬರೋಣ ಅನ್ನುವ ಹಾಗೆ.

ಯಾವ ಕಾಡು ಅಂತ ನಿನಗೆ ಗೊತ್ತು. ಅವಳು ಆಯುಸ್ಸೆಲ್ಲ ಕೆಲಸ ಮಾಡಿದ ಗಿಡಮೂಲಿಕೆ ಅಂಗಡಿಗೆ ಮೂಟೆಗಳು ಬರುತ್ತಿದ್ದದ್ದು ಅಲ್ಲಿಂದಲೇ. ಒಣಗಿದ ಎಲೆ, ಒಣಗಿದ ತೊಗಟೆ, ಒಣಗಿದ ಬೇರು. ಆರಿಸಿ, ಕುಟ್ಟಿ, ಜರಡಿ ಹಿಡಿದು ಅವಳ ಮೂಗಿನ ಹೊಳ್ಳೆಯೇ ಕಂದು ಬಣ್ಣವಾಗಿತ್ತು. ಈಗ ಅದು ಕಾಯ್ದಿಟ್ಟ ಕಾಡು, ಯಾರೂ ಏನೂ ಕೀಳುವಂತಿಲ್ಲ. ಆ ಗಿಡಗಳನ್ನು ಬೇರಿನ ಮೇಲೆ ನಿಂತಿರುವಾಗ ಒಮ್ಮೆ ನೋಡಬೇಕು ಅಂತ ಅವಳ ಆಸೆ. ಮುಂದಿನ ವರ್ಷ, ಮುಂದಿನ ವರ್ಷ ಎನ್ನುತ್ತಾ ಬಂದು, ಹೋಗುವ ದಿನ ಬಂದಾಗ ನೋಡುವ ಕಣ್ಣೇ ಇಲ್ಲ.

ರೈಲು, ಬಸ್ಸು, ಆಮೇಲೆ ಎಲುಬೆಲ್ಲ ಬೇರೆ ಬೇರೆ ಮಾಡುವ ಜೀಪು. ಇಳಿದರೆ ಗಾಳಿಯೇ ಒದ್ದೆ ಬಟ್ಟೆ ಹೊದಿಸಿದ ಹಾಗೆ ಮೈಗೆ ಅಂಟುತ್ತದೆ. ಮರಗಳು ಎಷ್ಟು ಎತ್ತರ ಅಂತ ನೋಡಲು ಹೋಗಿ ನನ್ನ ಕನ್ನಡಕ ಹಿಂದಕ್ಕೆ ಬಿತ್ತು. ಹಲಗೆ ಹಾಸಿದ ಸಣ್ಣ ದಾರಿ, ಎರಡೂ ಕಡೆ ಗಿಡ. ದಾರಿ ತೋರಿಸಲು ಒಬ್ಬಳು ಹುಡುಗಿ ಬಂದಳು, ಮೊಣಕಾಲಿನವರೆಗೂ ಬೂಟು, ಸಿಳ್ಳೆಯಂಥ ಗಂಟಲು. ದೊಡ್ಡಕ್ಕ ವಾಸನೆ ಹಿಡಿದು ಮೊದಲ ಗಿಡಕ್ಕೆ ಕೈ ಚಾಚಿದಳೋ ಇಲ್ಲವೋ, "ಅಜ್ಜಿ, ಮುಟ್ಟಬೇಡಿ!" ಅಂತ ಆ ಹುಡುಗಿ ಕೂಗಿದಳು. ಬೋರ್ಡೂ ಇತ್ತು. ಬಂದವರೆಲ್ಲ ಒಂದೊಂದು ಎಲೆ ಮುಟ್ಟಿ, ಒಂದೊಂದು ಚಿವುಟಿ, ಹೋದ ವರ್ಷ ದಾರಿಯ ಬದಿಯೆಲ್ಲ ಬೋಳಾಗಿತ್ತಂತೆ. ಇವಳಿಗೆ ಕಣ್ಣಿಲ್ಲಮ್ಮ, ಕೈಯೇ ಕಣ್ಣು ಅಂತ ನಾನು ಜಗಳಕ್ಕೆ ನಿಂತೆ. ದೊಡ್ಡಕ್ಕನೇ ನನ್ನ ಸೆರಗು ಎಳೆದಳು. "ಸುಮ್ನಿರೇ. ನನ್ನ ಅಂಗಡೀಲಿ ಗಿರಾಕಿ ಮೂಟೆಗೆ ಕೈ ಹಾಕಿದ್ರೆ ನಾನು ಬಿಡ್ತಿದ್ದೆನಾ? ನೀನು ನೋಡಿ ಹೇಳು."

ನಾನೇನು ಹೇಳಲಿ ಕುಳ್ಳಾ? ನನಗೆ ಎಲೆ ಅಂದರೆ ಎಲೆ, ಅಷ್ಟೇ. ಗೊತ್ತಿರುವುದು ಹೊಲಿಗೆ ಒಂದೇ. ಅದರಲ್ಲೇ ಹೇಳಿದೆ. ಗುಂಡಿಯ ತೂತಿಗೆ ಹಾಕುವಂತೆ ಇದರ ಅಂಚಿಗೆ ಸುತ್ತಲೂ ಕಾಜಾ ಹಾಕಿದ ಹಾಗಿದೆ ಅಂದೆ. "ದುಂಡಗಿದೆಯಾ? ಒಂದು ಕಡೆ ಸೀಳಿದೆಯಾ? ಒಂದೆಲಗ!" ಅಂದಳು. ಇನ್ನೊಂದರ ಅಂಚಿಗೆ ಫ್ರಿಲ್ ಇದೆ ಅಂದೆ, ದೊಡ್ಡಕ್ಕ ತಪ್ಪು ಹೆಸರು ಹೇಳಿದಳು. ಹುಡುಗಿ ತಿದ್ದಿದಳು, ಮೂವರೂ ನಕ್ಕೆವು. ಆಮೇಲೆ ಒಂದು ಸಣ್ಣ ಗಿಡದ ಹತ್ತಿರ ನಾನು ಹಲಗೆಯ ಮೇಲೆ ಮಲಗಿಯೇಬಿಟ್ಟೆ. ನನ್ನ ಚಾಳಿ ನಿನಗೆ ಗೊತ್ತಲ್ಲ, ಯಾರ ಅಂಗಿ ಕೊಟ್ಟರೂ ಮೊದಲು ತಿರುಗಿಸಿ ಒಳಮೈ ನೋಡುತ್ತೇನೆ. ಹೊಲಿದವನ ಬಂಡವಾಳವೆಲ್ಲ ಅಲ್ಲೇ ಇರುವುದು. ಎಲೆ ತಿರುಗಿಸುವಂತಿಲ್ಲವಲ್ಲ, ಅದಕ್ಕೇ ನಾನೇ ಅಡಿಗೆ ಹೋದೆ. ಹಿಂದೆ ಬರುತ್ತಿದ್ದವರು ಮುದುಕಿ ಬಿದ್ದಳು ಅಂತ ಓಡಿ ಬಂದರು. ನಾನು ಅಲ್ಲಿಂದಲೇ ಕೂಗಿದೆ, "ಅಕ್ಕಾ, ಕಡ್ಡಿಯ ಎರಡೂ ಕಡೆ ಪುಟ್ಟ ಪುಟ್ಟ ಎಲೆ, ಕೆಳಗೆ ಸಾಲಾಗಿ ಹಸಿರು ಗುಂಡಿ ಹೊಲಿದಿದ್ದಾರೆ ಕಣೇ!"

ದೊಡ್ಡಕ್ಕ ಮೆಲ್ಲಗೆ, "ನೆಲನೆಲ್ಲಿ. ಮೂಟೆ ತಳದಲ್ಲಿ ಕಾಳು ಕಾಳಾಗಿ ಉದುರಿರೋದು. ಕಸ ಅಂತ ಗುಡಿಸಿ ಹಾಕ್ತಿದ್ದೆ. ಅದು ಈ ಗಿಡದ ಗುಂಡಿ ಅಂತ ಈಗ ಗೊತ್ತಾಯ್ತು ನೋಡು. ಇಷ್ಟು ವರ್ಷ ನಾನು ಬರೀ ಹೆಣ ತೂಗಿದೆ ಕಣೇ" ಅಂದಳು. ಆ ಹುಡುಗಿ ನೆಲ ನೋಡುತ್ತಾ ನಿಂತಳು. ಅದಾದ ಮೇಲೆ ದೊಡ್ಡಕ್ಕ ಯಾವ ಗಿಡದ ಹೆಸರನ್ನೂ ಹೇಳಲಿಲ್ಲ. ನಾನು ಹೇಳುತ್ತಲೇ ಹೋದೆ, ಅವಳು ಹೂಂಗುಡುತ್ತಾ ನಡೆದಳು.

ವಾಪಸ್ಸು ಬಸ್ಸಿನಲ್ಲಿ ನನ್ನ ಭುಜಕ್ಕೆ ಒರಗಿದ್ದಳು, ನಿದ್ದೆ ಬಂತು ಅಂದುಕೊಂಡೆ. "ಈಗ ಕುಳ್ಳನ ಮುಖ ಹೇಳು" ಅಂದಳು. ನಾನು ಹೇಳಿದೆ. ಹಣೆ ಇಸ್ತ್ರಿ ಮಾಡಿದ ಹಾಗಿದೆ, ಹುಬ್ಬೆರಡನ್ನೂ ದಾರ ಕತ್ತರಿಸದೆ ಒಂದೇ ಓಟದಲ್ಲಿ ಹೊಲಿದಿದ್ದಾರೆ, ಗಲ್ಲದ ಮೇಲೆ ಸೈಕಲ್ಲಿಂದ ಬಿದ್ದಾಗ ಆಯಿತಲ್ಲ ಆ ಗಾಯ, ಕಲಿಯುವವರು ಹಾಕಿದ ಸೊಟ್ಟ ಹೊಲಿಗೆ. ಅವಳು ಪೂರ್ತಿ ಕೇಳಿ ತಲೆಯಾಡಿಸಿದಳು. "ಇದು ಅವನು ಹೊರಟ ದಿನದ ಮುಖ. ಒಣಗಿದ್ದು ನನ್ನ ಹತ್ರಾನೂ ಇದೆ. ಹಸಿರಾಗಿರೋದು ಹೇಳೇ." ನೀನು ಕಳಿಸಿದ ಫೋಟೋದಲ್ಲಿ ಟೋಪಿ ಇದೆ, ಕಪ್ಪು ಕನ್ನಡಕ ಇದೆ, ಹಿಂದೆ ದೊಡ್ಡದೊಂದು ಬಾಣಲೆ ಇದೆ. ಮುಖ ಎಲ್ಲೋ? ಕೂದಲು ನೆರೆತಿದೆಯಾ, ಕೆನ್ನೆ ಒಳಗೆ ಹೋಗಿದೆಯಾ, ನನಗೇನು ಗೊತ್ತು? ಊರು ಬರುವ ತನಕ ಹೊರಗಿನ ದೀಪಗಳನ್ನು ಹೇಳಿಕೊಂಡು ಬಂದೆ.

ಇರಲಿ. ಕೈ ಜೋಪಾನ, ಹೊತ್ತಿಗೆ ಸರಿಯಾಗಿ ನೀನೂ ಉಣ್ಣು. ಬಡಿಸುವವನ ಹೊಟ್ಟೆ ಖಾಲಿ ಇರಬಾರದು. ದೊಡ್ಡಕ್ಕ ನಿನ್ನ ತಲೆ ಸವರಿದೆ ಅಂತ ಬರೆಯಲು ಹೇಳಿದ್ದಾಳೆ. ನನ್ನದೂ ಸೇರಿಸಿಕೋ. ಸಮುದ್ರ ನಿನ್ನ ಪಾಲಿಗೆ ಶಾಂತವಾಗಿರಲಿ.

ನಿನ್ನ
ಚಿಕ್ಕಕ್ಕ

ಮತ್ತೆ: ಅಂಚೆಯವನು ಪಕ್ಕದ ಬೀದಿಗೆ ಬಂದಿದ್ದಾನೆ, ಬೇಗ ಬರೆಯುತ್ತೇನೆ. ಡಾಕ್ಟರು ನನ್ನನ್ನು ಹೊರಗೆ ಕರೆದು ಹೇಳಿದ್ದು ಬೇರೆ ಇದೆ. ಗಂಟು ಕಣ್ಣಿನ ಹಿಂದೆಯೇ ನಿಂತಿಲ್ಲ, ಒಳಗೆ ಹೋಗಿದೆ. ಮುಂದಿನ ಮಳೆಗಾಲ ಅವಳು ಕಾಣುವುದಿಲ್ಲ. ಕೆಲಸದ ಮೇಲಿರುವವನಿಗೆ ಬರೆಯಬೇಡ ಅಂತ ಆಣೆ ಹಾಕಿಸಿದ್ದಾಳೆ, ಅವಳಿಗೆ ಎಲ್ಲಾ ಗೊತ್ತು. ಮುಂದಿನ ರಜೆಗೆ ಬರುತ್ತೇನೆ ಅನ್ನಬೇಡ ಕುಳ್ಳಾ, ಮುಂದಿನ ಬಂದರಿನಲ್ಲಿ ಇಳಿದು ಬಂದುಬಿಡು. ಗಡ್ಡ ಬೋಳಿಸಬೇಡ, ಇದ್ದ ಹಾಗೇ ಬಾ. ನಾನು ಏನೂ ಹೇಳಬೇಕಾಗಿಲ್ಲ. ಅವಳ ಎದುರು ಕೂತುಕೋ, ಸಾಕು. ನಮ್ಮ ಮನೆಯಲ್ಲಿ ಮುಟ್ಟಬೇಡಿ ಅನ್ನುವ ಬೋರ್ಡಿಲ್ಲ.